ಲ್ಯಾಪ್‌ಟಾಪಿಗೆ ವಲ್ಲಿ ಹೊದಿಸಿದವರು

ಲ್ಯಾಪ್‌ಟಾಪಿನ ಮೇಲೆ ತಮ್ಮ ಹೆಗಲ ವಲ್ಲಿ ಹೊದಿಸಿ, ಅದರ ಕೆಳಗೆ ಕೈ ತೂರಿಸಿ, ಸಾಫ್ಟ್‌ವೇರಿಗೆ ದರ ಕೇಳಿದ ಮನುಷ್ಯ ಇಡೀ ಗದಗ-ಬೆಟಗೇರಿಯಲ್ಲಿ ಒಬ್ಬರೇ. ಅವರನ್ನೇ ನಾನು ಮದುವೆಯಾಗಿದ್ದೆ. ಬೇರೆ ಯಾವುದಾದರೂ ಊರಿನಲ್ಲಿ ಇಂಥವರು ಇನ್ನೊಬ್ಬರಿದ್ದರೆ ಅವರ ಹೆಂಡತಿಗೆ ನನ್ನ ನಮಸ್ಕಾರ ತಿಳಿಸಿ. ನಾವಿಬ್ಬರೂ ಕೂತು ಮಾತಾಡುವುದು ಬಹಳ ಇದೆ.

ಹೆಸರು ಹೇಳುವುದಿಲ್ಲ. ಅವರು ಇದ್ದಾಗಲೇ ಹೇಳಲಿಲ್ಲ, ಈಗ ಹೇಳಿದರೆ ಯಾರೋ ಹೊರಗಿನವರ ಬಗ್ಗೆ ಬರೆದಂತೆ ಆಗುತ್ತದೆ. ನಮ್ಮನೆಯವರು ಎಂದರೆ ಸಾಕು. ಡಿಪ್ಲೊಮಾ ಓದಿದವರು. ಬೆಟಗೇರಿಯಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಇತ್ತು. ಸುಟ್ಟ ಪಂಪಿನ ಮೋಟಾರಿಗೆ ಹೊಸ ತಂತಿ ಸುತ್ತುವುದು, ಸಣ್ಣ ಟ್ರಾನ್ಸ್‌ಫಾರ್ಮರ್ ಮಾಡುವುದು ಕೆಲಸ. ಬೋರ್ಡಿನ ಮೇಲೆ ಮಾತ್ರ ‘ಎಂಜಿನಿಯರಿಂಗ್ ವರ್ಕ್ಸ್’ ಎಂದು ಬರೆಸಿದ್ದರು. ಆ ಬೋರ್ಡು ವರ್ಕ್‌ಶಾಪಿಗಿಂತ ಅಗಲ ಇತ್ತು, ಒಂದು ತುದಿ ಪಕ್ಕದ ಕ್ಷೌರದ ಅಂಗಡಿಯ ಬಾಗಿಲ ಮೇಲೆ ಹೋಗಿತ್ತು. ಹಾಗಾಗಿ ‘ವರ್ಕ್ಸ್’ ಎನ್ನುವ ಭಾಗದ ಕೆಳಗೆ ಜನ ಗಡ್ಡ ಮಾಡಿಸಿಕೊಳ್ಳುತ್ತಿದ್ದರು.

ಯಾವ ವಸ್ತುವನ್ನೂ ಪರೀಕ್ಷೆ ಮಾಡದೆ ಅವರು ಕೊಂಡವರಲ್ಲ. ಮೆಣಸಿನಕಾಯಿ ಕೊಳ್ಳುವಾಗ ಮುರಿದು ಮೂಗಿಗೆ ಹಿಡಿಯುವರು. ಸೀನು ಬಂದರೆ ಮಾತ್ರ ತೂಕಕ್ಕೆ ಹಾಕಿಸುವರು. ಒಮ್ಮೆ ಗದಗಿನ ಅಂಗಡಿಯೊಂದರಲ್ಲಿ ಸೀಲಿಂಗ್ ಫ್ಯಾನ್ ಕೊಳ್ಳಲು ಹೋಗಿ, ಅದನ್ನು ಹಾಕಿಸಿ, ಕೆಳಗಿದ್ದ ಬೆಂಚಿನ ಮೇಲೆ ಮಲಗಿಬಿಟ್ಟರು. ಅಂಗಡಿಯವರು ಊಟಕ್ಕೆ ಹೋಗಬೇಕೆಂದು ಎಬ್ಬಿಸಿದಾಗ ಕಣ್ಣುಜ್ಜಿಕೊಂಡು, "ನಿದ್ದಿ ಹತ್ತಿತ್ರಿ. ಮಾಲು ಖರೆ ಐತಿ. ಕಟ್ರಿ" ಎಂದರು.

ನನ್ನನ್ನು ನೋಡಲು ಲಕ್ಷ್ಮೇಶ್ವರಕ್ಕೆ ಬಂದಾಗಲೂ ಇದೇ ಕಥೆ. ಚಹದ ತಟ್ಟೆ ಹಿಡಿದು ನಾನು ಹೊರಗೆ ಬಂದರೆ, ಹುಡುಗ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಜೇಬಿನಿಂದ ಟೆಸ್ಟರ್ ತೆಗೆದು ನಮ್ಮ ಮನೆಯ ಪ್ಲಗ್ಗಿಗೆ ಚುಚ್ಚಿ ನೋಡುತ್ತಿದ್ದರು. ನಮ್ಮಪ್ಪ ಕೆಮ್ಮಿ, "ಹುಡುಗಿ ಹೆಂಗದಾಳ್ರಿ?" ಎಂದು ಕೇಳಿದರು.

"ಹುಡುಗಿ ಛಲೋ ಅದಾಳ್ರಿ," ಎಂದರು ಗೋಡೆಗೇ. "ಆದ್ರ ನಿಮ್ಮ ಮನ್ಯಾಗ ಅರ್ಥಿಂಗ್ ಇಲ್ಲ ನೋಡ್ರಿ. ಅದನ್ನ ಹಾಕಸ್ರಿ."

ಮದುವೆಯ ಮೊದಲು ನಮ್ಮಪ್ಪ ಅರ್ಥಿಂಗ್ ಹಾಕಿಸಿದರು. ಬೇರೆ ವರೋಪಚಾರವನ್ನು ನಮ್ಮನೆಯವರು ಕೇಳಲಿಲ್ಲ.

ಇಂಥ ಮನುಷ್ಯರಿಗೆ ಒಂದು ಚಟ ಇತ್ತು, ನಗೆಮಾತು ಹೇಳುವುದು. ಸಂಜೆ ವರ್ಕ್‌ಶಾಪಿನಿಂದ ಬಂದವರು ಕೈಕಾಲು ತೊಳೆಯುವ ಮೊದಲೇ ಶುರು ಮಾಡುವರು. ಹೇಳಿ ಮುಗಿಸಿ ನನ್ನ ಮುಖ ನೋಡುವರು. ನಾನು ನಕ್ಕರೆ ಆಮೇಲೆ ಬಚ್ಚಲಿಗೆ ಹೋಗುವರು.

ನನ್ನ ಕಿವಿ ಮಂದವಾದದ್ದು ಒಂದು ಜ್ವರದ ನಂತರ. ಮೊದಮೊದಲು ನಾನು ಉಪಾಯ ಮಾಡಿದೆ. ಅವರ ಬಾಯಿ ನಿಂತ ಕೂಡಲೇ ನಕ್ಕುಬಿಡುವುದು. ಬಹಳ ದಿನ ಸಾಗಿತು. ಆದರೆ ಒಂದು ಸಂಜೆ ಅವರು ಬಂದು ಕೂತು ಏನೋ ಹೇಳಿದರು, ಬಾಯಿ ನಿಲ್ಲಿಸಿದರು, ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರು ಹೇಳಿದ್ದು ಶಿರಹಟ್ಟಿಯ ಅವರ ಸೋದರತ್ತೆ ತೀರಿಕೊಂಡ ಸುದ್ದಿ.

ಅವತ್ತು ಅವರು ಸಿಟ್ಟಾಗಲಿಲ್ಲ. ಮಗಳು ಸುವರ್ಣಾಳಿಗೆ ಫೋನು ಮಾಡಿ, "ನನ್ನ ಮಾತಿಗೆ ಖರೆ ನಗೋ ಮಂದಿ ಇದ್ದದ್ದ ಒಬ್ಬಾಕಿ. ಆಕಿನೂ ಸುಮ್ನ ನಗಾಕತ್ತಾಳವಾ" ಎಂದರಂತೆ. ಸುವರ್ಣಾ ಮುಂಡರಗಿಯ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಶನಿವಾರ ಬಂದವಳೇ ನನ್ನನ್ನು ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಕಿವಿಗೆ ಮಿಷನ್ನು ಬಂತು. ಆದರೆ ಮಿಷನ್ನಿಗೆ ನ್ಯಾಯವೇ ಇಲ್ಲ. ಕುಕ್ಕರಿನ ಸೀಟಿ, ಫ್ಯಾನಿನ ಗರಗರ, ಬೀದಿಯ ಆಟೋ, ಎಲ್ಲವನ್ನೂ ಗಂಡನ ಮಾತಿನ ಸಮಕ್ಕೆ ತಂದು ಕಿವಿಗೆ ಸುರಿಯುತ್ತಿತ್ತು. ಆಗ ಡಾಕ್ಟರು ಒಂದು ದಾರಿ ಹೇಳಿದರು. ಮಿಷನ್ನಿನಲ್ಲಿ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ಮಿಷನ್ನು ಹೊರಗಿನ ಸದ್ದನ್ನೆಲ್ಲ ಬಿಟ್ಟು, ಸುತ್ತಲಿನ ಅಯಸ್ಕಾಂತದ ಅಲುಗಾಟವನ್ನು ಮಾತ್ರ ಹಿಡಿಯುತ್ತದೆ. ಮನೆಯ ಸುತ್ತ ಒಂದು ತಂತಿ ಎಳೆದು, ಮೈಕಿನಲ್ಲಿ ಆಡಿದ ಮಾತನ್ನು ಆ ತಂತಿಗೆ ಬಿಟ್ಟರೆ, ಮಾತು ಅಯಸ್ಕಾಂತವಾಗಿ ಬಂದು ನೇರ ಕಿವಿಯೊಳಗೆ ಇಳಿಯುತ್ತದೆ. ಆದರೆ ಮನೆಯಲ್ಲಿ ಕಬ್ಬಿಣ ಜಾಸ್ತಿ ಇದ್ದರೆ ಅಲ್ಲಲ್ಲಿ ಮಾತು ಸೊರಗುತ್ತದೆ ಎಂದೂ ಹೇಳಿದರು. ಕಿವಿ ಇನ್ನೂ ಮಂದವಾಗುತ್ತ ಹೋಗುತ್ತದೆ, ಮಾಡುವುದಿದ್ದರೆ ಬೇಗ ಮಾಡಿ ಎಂದೂ ಹೇಳಿದರು.

ತಂತಿ ಸುತ್ತುವುದೇ ಜೀವನವಾಗಿದ್ದ ಮನುಷ್ಯರಿಗೆ ಹೆಂಡತಿಯ ಸುತ್ತ ತಂತಿ ಸುತ್ತಿ ಎಂದರೆ ಕೇಳಬೇಕೆ?

"ಅಪ್ಪಾ, ಸುಮ್ನ ತಂತಿ ಎಳದು ನೋಡು. ಸರಿ ಆಗಲಿಲ್ಲಂದ್ರ ಸರಸೂಣು," ಎಂದಳು ಸುವರ್ಣಾ.

"ಹಂಗ ಕುರುಡ ಕೆಲಸ ಮಾಡಾಕ ನಾ ಏನು ಅಡವಿ ಮಿಸ್ತ್ರಿ ಏನು? ಸ್ಲ್ಯಾಬಿನ್ಯಾಗ ಸರಳು ಐತಿ. ಕಬ್ಬಿಣದ ಮಂಚ ಐತಿ, ಅಲಮಾರಿ ಐತಿ, ಜ್ವಾಳದ ಪೀಪಾಯಿ ಐತಿ. ಅಯಸ್ಕಾಂತ ಎಲ್ಲೆ ಹೊಕ್ಕೊಂತೈತಿ, ಎಲ್ಲೆ ಹೊಂಟೈತಿ, ಮೊದಲ ಕಣ್ಣಿಗೆ ಕಾಣಬೇಕು. ಆಮ್ಯಾಲ ಗ್ವಾಡಿ ಕೊರಿಯೂದು."

ಅಯಸ್ಕಾಂತವನ್ನು ಕಣ್ಣಿಗೆ ಕಾಣಿಸುವ ಸಾಫ್ಟ್‌ವೇರ್ ಇದೆ ಎಂದು ಸುವರ್ಣಾ ಬಾಯಿ ತಪ್ಪಿ ಹೇಳಿದಳು. ದೊಡ್ಡ ದೊಡ್ಡ ಮೋಟಾರು ಕಂಪನಿಯವರು ಅದರಲ್ಲೇ ಮೊದಲು ಮಾಡಿ ನೋಡುತ್ತಾರೆ, ಆಮೇಲೆ ಕಬ್ಬಿಣ ಕತ್ತರಿಸುತ್ತಾರೆ ಎಂದಳು. ಅಲ್ಲಿಗೆ ನಮ್ಮ ಮನೆಯ ಶಾಂತಿ ಮುಗಿಯಿತು.

ಇದು ದೊಡ್ಡ ಖರೀದಿ, ಒಬ್ಬರ ಬುದ್ಧಿ ಸಾಲದು ಎಂದು ಅವರು ತಮ್ಮ ಬಾಲ್ಯದ ಗೆಳೆಯರನ್ನು ಕರೆಸಿದರು. ಗೆಳೆಯರು ಹಿರೇವಡ್ಡಟ್ಟಿಯವರು, ಮುಂಡರಗಿಯ ದನದ ಸಂತೆಯಲ್ಲಿ ದಲಾಲಿ. ಕೊಳ್ಳುವವರ ಕಡೆಯಿಂದ ಎಮ್ಮೆಯ ಹಲ್ಲು ನೋಡಿ ವಯಸ್ಸು ಹೇಳುವ ಕೆಲಸ. ಕಂಪ್ಯೂಟರ್ ಮುಟ್ಟಿದವರಲ್ಲ. ಸಾಫ್ಟ್‌ವೇರ್ ಖರೀದಿಗೆ ಇವರಿಗಿಂತ ಯೋಗ್ಯರು ಯಾರು?

ಅವರು ಬೆಳಗಿನ ಬಸ್ಸಿಗೆ ಬಂದು, ಮಿರ್ಚಿ-ಗಿರ್ಮಿಟ್ ತಿಂದು, ಲ್ಯಾಪ್‌ಟಾಪಿನ ಸುತ್ತ ಒಂದು ಸುತ್ತು ಬಂದರು.

"ಮಾಲು ಎಲ್ಲೈತೋ?"

"ಒಳಗೈತಿ."

"ಹೊರಗ ತಗಿ. ಹಲ್ಲು ನೋಡೂಣು."

ನಗಬೇಡಿ. ಹಲ್ಲು ನೋಡುವ ಕ್ರಮವನ್ನು ನಮ್ಮನೆಯವರು ಆಗಲೇ ಕಂಡುಹಿಡಿದಿದ್ದರು. ಕಂಪನಿಗಳು ಕೆಲವು ದಿನ ಬಿಟ್ಟಿ ಓಡಿಸಿ ನೋಡಲು ಕೊಡುತ್ತವಲ್ಲ, ಅಂಥ ಪ್ರತಿಯೊಂದಕ್ಕೂ ಇವರು ಒಂದೇ ಪ್ರಶ್ನೆ ಹಾಕುವರು. ನಮ್ಮ ಮನೆಯಷ್ಟು ಅಗಲದ ಒಂದು ದುಂಡನೆಯ ತಂತಿಯ ಸುರುಳಿ, ಅದರ ನಡುವೆ ಅಯಸ್ಕಾಂತದ ಬಲ ಎಷ್ಟು? ಉತ್ತರವನ್ನು ಮೊದಲೇ ಕೈಯಲ್ಲಿ ಲೆಕ್ಕ ಮಾಡಿ ಇಟ್ಟುಕೊಂಡಿರುವರು. ತಾಳೆಯಾದರೆ ಪಾಸು. ಕ್ರಮ ಒಳ್ಳೆಯದೇ ಎಂದು ಸುವರ್ಣಾಳೂ ಒಪ್ಪಿದಳು.

ಮೊದಲನೆಯದಕ್ಕೆ ಪ್ರಶ್ನೆ ಹಾಕಿದರು. ಉತ್ತರ ನೋಡಿ ಎದ್ದು ನಿಂತರು. ನಮ್ಮ ಮನೆಯ ತಂತಿಗೆ ಮಾತು ಬಿಟ್ಟರೆ ಬೆಟಗೇರಿಯ ಅಲಮಾರಿಗಳೆಲ್ಲ ಬೀದಿಯಲ್ಲಿ ನಡೆದು ನಮ್ಮ ಮನೆಗೆ ಬರುವಷ್ಟು ಬಲ ತೋರಿಸುತ್ತಿತ್ತು. "ಹುಚ್ಚ ಮಾಲು. ಅಳಸು," ಎಂದರು. ಎರಡನೆಯದೂ ಅದೇ ಹೇಳಿತು, ಅದನ್ನೂ ಅಳಿಸಿದರು. ಮೂರನೆಯದರ ಹೊತ್ತಿಗೆ ಸುವರ್ಣಾ ಅವರ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಅಪ್ಪಾ, ಸುರುಳಿ ಅಳತಿ ಮೀಟರಿನ್ಯಾಗ ಹಾಕಬೇಕಿತ್ತು. ನೀ ಮೀಟರಿನ ಅಂಕಿ ಮುಂದ ಮಿಲಿಮೀಟರ್ ಅಂತ ಹಾಕೀದಿ. ನಮ್ಮ ಮನಿ ಈಗ ಉಂಗುರದಷ್ಟ ಐತಿ."

ಅವರು ಅಳತೆ ತಿದ್ದುತ್ತ, "ಮೊದಲಿನ ಎರಡೂ ಮಾಲು ಛಲೋ ಇದ್ದೂ ಅನಸ್ತೈತಿ," ಎಂದರು.

ಕೊನೆಗೆ ಒಂದು ಮಾಲು ಮನಸ್ಸಿಗೆ ಬಂತು. ದರ ತಿಳಿಯಲು ಕಂಪನಿಯ ಬೆಂಗಳೂರಿನ ಆಫೀಸಿನ ಹುಡುಗಿಯ ಜೊತೆ ವಿಡಿಯೋ ಕಾಲ್ ನಿಗದಿಯಾಯಿತು. ಅವತ್ತಿನ ಮಾತು ನನಗೆ ಅರ್ಧ ಕೇಳಿಸಿತು, ಉಳಿದರ್ಧವನ್ನು ಸುವರ್ಣಾ ಆಮೇಲೆ ಅಭಿನಯ ಮಾಡಿ ಒಪ್ಪಿಸಿದಳು.

"ಸರ್, ಬೇಸ್ ಪ್ಯಾಕೇಜ್ ಬೇರೆ, ಮ್ಯಾಗ್ನೆಟಿಕ್ಸ್ ಮಾಡ್ಯೂಲ್ ಬೇರೆ," ಎಂದಳು ಹುಡುಗಿ. "ಲೈಸೆನ್ಸ್ ಪ್ರತಿ ವರ್ಷ ರಿನ್ಯೂ ಮಾಡಿಸ್ಬೇಕು."

ದಲಾಲಿಯವರು ನಮ್ಮನೆಯವರ ಕಿವಿಯಲ್ಲಿ, "ಅಂದ್ರ ಎಮ್ಮಿ ಬ್ಯಾರೆ, ಕೆಚ್ಚಲ ಬ್ಯಾರೆ ಮಾರತಾರ? ಅದೂ ವರ್ಸಕ್ಕೊಮ್ಮೆ ಮತ್ತ ಕೊಳ್ಳಬೇಕ?" ಎಂದರು. ಪಿಸುಮಾತು ಎಂದು ಅವರು ತಿಳಿದಿದ್ದರು. ಸಂತೆಯಲ್ಲಿ ಪಳಗಿದ ಗಂಟಲು. ಬೆಂಗಳೂರಿನ ಹುಡುಗಿ, "ಸಾರಿ ಸರ್, ಯಾವ ಎಮ್ಮೆ?" ಎಂದಳು.

"ಇರ್ಲಿ ಬಿಡ್ರಿ ತಂಗಿ. ಒಟ್ಟು ದರ ಹೇಳ್ರಿ."

ಹುಡುಗಿ ಬಾಯಿ ತೆರೆದಳು. ಅಷ್ಟರಲ್ಲಿ ನಮ್ಮನೆಯವರು, "ತಡೀರಿ ತಡೀರಿ, ಬಾಯಿಲೆ ಹೇಳಬ್ಯಾಡ್ರಿ," ಎಂದು ಹೆಗಲ ಮೇಲಿನ ವಲ್ಲಿ ಕಿತ್ತು ಲ್ಯಾಪ್‌ಟಾಪಿನ ಮೇಲೆ ಹೊದಿಸಿಬಿಟ್ಟರು.

ನಮ್ಮ ಕಡೆಯ ದನದ ಸಂತೆ ನೋಡದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಅಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರೂ ವಲ್ಲಿಯ ಕೆಳಗೆ ಕೈ ಹಿಡಿಯುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು. ಸಾವಿರವೋ ಲಕ್ಷವೋ ಅವರಿಬ್ಬರಿಗೇ ಗೊತ್ತು. ಸುತ್ತ ನಿಂತವರಿಗೆ ಎರಡು ಮುಖ ಮಾತ್ರ ಕಾಣುತ್ತದೆ, ಆ ಮುಖಗಳಲ್ಲೂ ಏನೂ ಇರುವುದಿಲ್ಲ. ಅವತ್ತು ಕಿಟಕಿಯಲ್ಲಿ ಪಕ್ಕದ ಮನೆಯವರು ನಿಂತಿದ್ದರು. ಅವರ ಎದುರಿಗೆ ದರ ಬಯಲಾಗುವುದೆಂದರೇನು?

ವಲ್ಲಿಯೊಳಗಿನಿಂದ, "ಸರ್, ನಿಮ್ಮ ವಿಡಿಯೋ ಆಫ್ ಆಯ್ತು," ಎಂದು ದನಿ ಬಂತು.

ನಮ್ಮನೆಯವರು ಕೈ ತೂರಿಸಿದರು. ದಲಾಲಿಯವರು ತಟ್ಟನೆ ಅವರ ರಟ್ಟೆ ಹಿಡಿದರು. "ಲೇ, ಆಕಿ ಹೆಣ್ಮಗಳು. ಹೆಂಡತಿ ಮುಂದ ಮಂದಿ ಹೆಣ್ಮಗಳ ಕೈ ಹಿಡಿತೀಯೇನು?"

"ಕೈ ಎಲ್ಲೈತೋ ಅಲ್ಲೆ? ಬೆಂಗಳೂರಾಗೈತಿ."

"ಎಲ್ಲೆ ಇದ್ರೂ ರೀತಿ ರೀತಿನ."

ನಮ್ಮನೆಯವರು ಯೋಚನೆ ಮಾಡಿ ನನ್ನ ಕಡೆ ತಿರುಗಿ ಜೋರಾಗಿ, "ಏ, ಬಾ ಇಲ್ಲೆ. ನೀ ಕಂಪನಿ ಕಡಿಂದ ಕುಂಡ್ರು," ಎಂದರು.

ಹೀಗೆ ನಾನು ಆ ಕಂಪನಿಯ ಕೈಯಾದೆ. ನೌಕರಿ ಸಿಕ್ಕಿದ್ದು ಅದೊಂದೇ ಸಲ. ವಲ್ಲಿಯ ಕೆಳಗೆ ಅವರ ಕೈ ಬಂತು, ವಾರ್ನಿಶ್ ವಾಸನೆಯ ಒರಟು ಕೈ. ನನ್ನ ಎರಡು ಬೆರಳು ಒತ್ತಿದರು. ನನಗೆ ಕಚಗುಳಿಯಾಯಿತು. ಏನು ಮಾಡಬೇಕೋ ತಿಳಿಯದೆ ಅವರ ಕಿರುಬೆರಳು ಹಿಡಿದುಕೊಂಡೆ.

ಅವರ ಮುಖ ಸಣ್ಣದಾಯಿತು. ಮೂರು ಬೆರಳು ಒತ್ತಿದರು. ನಾನು ಮತ್ತೆ ಕಿರುಬೆರಳು ಹಿಡಿದೆ. ನಾಲ್ಕು ಒತ್ತಿದರು. ಮತ್ತೆ ಕಿರುಬೆರಳು.

"ನೀ ನನ್ನ ಹೆಂಡತಿಯೋ ಏನ ಕಂಪನಿ ಮ್ಯಾನೇಜರೋ?" ಎಂದು ಕೂಗಿದರು.

ದಲಾಲಿಯವರು ನಗು ತಡೆಯಲಾರದೆ ನನ್ನ ಕಿವಿಯ ಹತ್ತಿರ ಬಂದು, "ವೈನಿಯಾರ, ಕಿರುಬೆರಳು ಹಿಡದ್ರ ‘ಇಷ್ಟಕ್ಕ ಆಗಂಗಿಲ್ಲ, ಇನ್ನೂ ಕೊಡ್ರಿ’ ಅಂದಂಗ ಆಕ್ಕೈತ್ರಿ," ಎಂದರು.

ವಲ್ಲಿ ತೆಗೆದಾಗ ಹುಡುಗಿ ಹೋಗಿಬಿಟ್ಟಿದ್ದಳು. ಪಾಪ, ಒಳ್ಳೆಯ ಹುಡುಗಿ. ಮಾರನೆಯ ದಿನ ದರದ ಪತ್ರವನ್ನು ಇಮೇಲಿನಲ್ಲಿ ಕಳಿಸಿದ್ದಳು. ಸುವರ್ಣಾ ಓದಿ ಹೇಳಿದಳು. ನಮ್ಮನೆಯವರು ಕೂತರು. ನೀರು ಕೇಳಿದರು. ಕುಡಿದು ನನ್ನ ಕಡೆ ನೋಡಿ, "ನೀ ಕೇಳಿದ್ದು ಭಾಳ ಕಡಿಮಿ ಆತವಾ," ಎಂದರು.

ಅಂಥದ್ದೇ ಕೆಲಸ ಮಾಡುವ ಬಿಟ್ಟಿ ಸಾಫ್ಟ್‌ವೇರೂ ಇದೆ ಎಂದು ಸುವರ್ಣಾ ಆಮೇಲೆ ಪತ್ತೆ ಮಾಡಿದಳು. ಯಾರೋ ಓದಿದವರು ಮಾಡಿ ಲೋಕಕ್ಕೆ ಬಿಟ್ಟಿದ್ದು. ಒಂದೇ ಕೊರತೆ, ಅದು ಮನೆಯನ್ನು ಇಡಿಯಾಗಿ ನೋಡುವುದಿಲ್ಲ, ಸವತೆಕಾಯಿ ಹೆಚ್ಚಿದ ಹಾಗೆ ಹೋಳು ಹೋಳಾಗಿ ನೋಡುತ್ತದೆ. ದಲಾಲಿಯವರಿಗೆ ಸಂಶಯ. "ಪುಕ್ಕಟ ಯಾಕ ಕೊಡಾಕತ್ತಾರ? ಒದಿಯೂ ಗುಣ ಇರಬೇಕು." ನಮ್ಮನೆಯವರು ದುಂಡನೆಯ ಸುರುಳಿಯ ಪ್ರಶ್ನೆ ಹಾಕಿದರು, ಈ ಸಲ ಮೀಟರಿನಲ್ಲಿ. ಉತ್ತರ ತಾಳೆಯಾಯಿತು. ಆದರೂ ದಲಾಲಿಯವರು ಲ್ಯಾಪ್‌ಟಾಪಿನ ಹಿಂದೆ ನಿಲ್ಲಲಿಲ್ಲ, ಪಕ್ಕಕ್ಕೇ ನಿಂತರು.

ಮುಂದಿನ ದಿನಗಳಲ್ಲಿ ನಮ್ಮ ಮನೆ ಹೋಳು ಹೋಳಾಗಿ ಲ್ಯಾಪ್‌ಟಾಪಿನೊಳಗೆ ಹೋಯಿತು. ಮಂಚ ಹೋಯಿತು, ಅಲಮಾರಿ ಹೋಯಿತು, ಪೀಪಾಯಿ ಹೋಯಿತು. ಪ್ರತಿಯೊಂದೂ ಯಾವ ಪದಾರ್ಥ ಎಂದು ಹೇಳಬೇಕಂತೆ. ಕೊನೆಗೆ ನನ್ನ ಸರದಿ. ಪರದೆಯ ಮೇಲೆ ಒಂದು ಗುಂಡು ಬರೆದು, ಇದು ನೀನು ಎಂದು ಬೆರಳು ಮಾಡಿ ತೋರಿಸಿದರು. ನಾನು ಅಷ್ಟು ಗುಂಡಗೆ ಇರಲಿಲ್ಲ.

"ಈಕಿನ್ನ ಏನಂತ ಹಾಕೂದು?"

"ಗಾಳಿ ಅಂತ ಹಾಕು ಅಪ್ಪಾ. ಏನೂ ಫರಕ ಬೀಳಂಗಿಲ್ಲ," ಎಂದಳು ಸುವರ್ಣಾ.

ನಾನು ಪಕ್ಕದಲ್ಲೇ ಇದ್ದೆ. "ಇಷ್ಟು ವರ್ಸ ಈ ಮನ್ಯಾಗ ದುಡದು ನಾ ಗಾಳಿ ಆದೆನು?"

ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿದರು. ಮನುಷ್ಯರ ಮೈಗೆ ಹತ್ತಿರವಾದದ್ದು ಯಾವುದು ಎಂದು ಹುಡುಕಿ, ನನ್ನನ್ನು ಉಪ್ಪುನೀರು ಎಂದು ಹಾಕಿದರು. ಗಾಳಿಗಿಂತ ವಾಸಿ ಎಂದು ಒಪ್ಪಿದೆ.

ಚಿತ್ರ ಬಂತು. ನೀಲಿ, ಹಸಿರು, ಕೆಂಪು ಬಣ್ಣಗಳು ನಮ್ಮ ಮನೆಯ ಮೇಲೆ ಹರಡಿದ್ದವು. ನನ್ನ ಅಡುಗೆಮನೆ ಪೂರ್ತಿ ನೀಲಿ, ಅಂದರೆ ಅಲ್ಲಿ ಮಾತು ಸಾಯುತ್ತದೆ. ಮಂಚದ ಹತ್ತಿರವೂ ನೀಲಿ. ಇಡೀ ಮನೆಯಲ್ಲಿ ಒಳ್ಳೆಯ ಕೆಂಪು ಇದ್ದದ್ದು ಒಂದೇ ಕಡೆ, ಪಡಸಾಲೆಯಿಂದ ಅಡುಗೆಮನೆಗೆ ಹೋಗುವ ದಾರಿಯ ನಟ್ಟನಡುವೆ. ಅಲ್ಲೇ ಕುರ್ಚಿ ಬಂತು. ಒಳಗೆ ಹೋಗುವವರು, ಹೊರಗೆ ಬರುವವರು ಎಲ್ಲರೂ ಅದಕ್ಕೆ ಎಡವಿದರು. "ಸೈನ್ಸು ಎಲ್ಲೆ ಹೇಳತೈತಿ ಅಲ್ಲೆ ಕುಂಡ್ರಬೇಕು," ಎನ್ನುವರು.

ಗೋಡೆ ಕೊರೆದರು, ತಂತಿ ಎಳೆದರು, ಪಡಸಾಲೆಯ ಮೂಲೆಯಲ್ಲಿ ಮೈಕ್ ನಿಲ್ಲಿಸಿದರು. ಪರೀಕ್ಷೆಯ ದಿನ ಬಂತು. ನಾನು ಕುರ್ಚಿಯಲ್ಲಿ ಕೂತು ಗುಂಡಿ ಒತ್ತಿದೆ. ಲೋಕದ ಸದ್ದೆಲ್ಲ ಅಡಗಿತು. ಒಳಗೆ ಒಂದು ಸಣ್ಣ ಗುಂಯ್ ಮಾತ್ರ. ಆಮೇಲೆ ಅವರ ದನಿ, ಕಿವಿಯ ಒಳಗೇ ಕೂತು ಹೇಳಿದಂತೆ, ಗಂಟಲಿನ ಕಫದ ಸಮೇತ. ಒಂದು ನಗೆಮಾತು ಪೂರ್ತಿ ಹೇಳಿದರು. ಒಂದಕ್ಷರವೂ ಬಿಡದೆ ಕೇಳಿಸಿತು.

ಬಹಳ ವರ್ಷದ ನಂತರ ಅವರ ನಗೆಮಾತನ್ನು ಪೂರ್ತಿ ಕೇಳಿದ್ದೆ. ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ.

ಅವರು ಮೂಲೆಯಿಂದ ನನ್ನ ಮುಖವನ್ನೇ ನೋಡುತ್ತಿದ್ದರು. "ಕೇಳಿಸ್ಲಿಲ್ಲೇನು?"

"ಕೇಳಿಸ್ತ್ರಿ."

"ಎಲ್ಲಾನೂ?"

"ಎಲ್ಲಾನೂ ಕೇಳಿಸ್ತು."

ಅವರು ಮೈಕನ್ನು ನೋಡಿದರು, ಲ್ಯಾಪ್‌ಟಾಪನ್ನು ನೋಡಿದರು, ತಪ್ಪು ಎಲ್ಲಿದೆ ಎಂದು ತಿಳಿಯದೆ ಕೊನೆಗೆ ಚಾವಣಿಯ ಸರಳನ್ನು ನೋಡಿದರು. ಆ ಮುಖ ಕಂಡು ನನಗೆ ನಗು ಬಂತು. ಕಣ್ಣೀರು ಬರುವಷ್ಟು ನಕ್ಕೆ. ಅವರಿಗೆ ಸಮಾಧಾನವಾಯಿತು. "ತಡಾ ಆಗಿ ಮುಟ್ಟತೈತಿ," ಎಂದು ಸುವರ್ಣಾಳಿಗೆ ಹೇಳಿದರು. "ಸ್ವಲ್ಪ ಸರಿ ಮಾಡಬೇಕು."

ಸರಿ ಮಾಡುವಷ್ಟು ಕಾಲ ಸಿಗಲಿಲ್ಲ. ಮುಂದಿನ ಚಳಿಗಾಲ ಅವರಿಗೆ ಉಸಿರಿನ ತೊಂದರೆ ಶುರುವಾಗಿ ಗದಗಿನ ಆಸ್ಪತ್ರೆಗೆ ಸೇರಿಸಿದೆವು. ಮುಖಕ್ಕೆ ಮಾಸ್ಕ್ ಹಾಕಿದ್ದರು. ಅಲ್ಲಿ ನನ್ನ ಕಿವಿಯ ಮಿಷನ್ನಿಗೆ ಯಂತ್ರಗಳ ಕೀಂ ಕೀಂ ಬಿಟ್ಟು ಬೇರೇನೂ ಸಿಗುತ್ತಿರಲಿಲ್ಲ. ಆಸ್ಪತ್ರೆಯ ಸುತ್ತ ಯಾರು ತಂತಿ ಎಳೆದಿದ್ದಾರೆ? ಅವರು ಮಾಸ್ಕಿನೊಳಗೆ ಏನೋ ಹೇಳಿದರು. ಕೇಳಿಸಲಿಲ್ಲ, ಮಾಸ್ಕಿನ ಮಬ್ಬಿನಲ್ಲಿ ತುಟಿಯೂ ಸರಿಯಾಗಿ ಕಾಣಿಸಲಿಲ್ಲ. ಅವರ ಬಾಯಿ ನಿಂತಿತು. ನಾನು ನಗಲಿಲ್ಲ.

ಅವರು ಸ್ವಲ್ಪ ಹೊತ್ತು ನನ್ನನ್ನು ನೋಡಿದರು. ಆಮೇಲೆ ಹೊದಿಕೆಯ ಅಂಚು ಎತ್ತಿ, ಅದರ ಕೆಳಗೆ ಕೈ ಇಟ್ಟು ಕಾದರು. ನಾನೂ ಕೈ ತೂರಿಸಿದೆ. ಬೆರಳು ಒತ್ತಲಿಲ್ಲ. ನನ್ನ ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಇಡೀ ಮುಷ್ಟಿಯನ್ನು ತಮ್ಮ ಕೈಯಿಂದ ಮುಚ್ಚಿ ಹಿಡಿದರು. ಹಾಗೇ ಬಹಳ ಹೊತ್ತು. ಅದರ ಅರ್ಥ ನನಗೆ ಗೊತ್ತಿರಲಿಲ್ಲ. ನನ್ನ ಕೈಗೆ ಗೊತ್ತಿದ್ದದ್ದು ಒಂದೇ, ಅವರು ಸಡಿಲ ಬಿಟ್ಟಾಗ ಕಿರುಬೆರಳು ಹಿಡಿದುಕೊಂಡೆ. ಮಾಸ್ಕು ಒಳಗಿಂದ ಇನ್ನಷ್ಟು ಬೆಳ್ಳಗೆ ಮಬ್ಬಾಯಿತು. ಕಣ್ಣು ಸಣ್ಣಗಾದವು. ಅವರು ನಗುತ್ತಿದ್ದರು. ಯಾಕೆ ಎಂದು ಕೇಳುವ ಮೊದಲೇ ನರ್ಸ್ ನನ್ನನ್ನು ಹೊರಗೆ ಕಳಿಸಿದಳು. ಮತ್ತೆ ಒಳಗೆ ಕರೆಯುವಾಗ ಎಲ್ಲ ಮುಗಿದಿತ್ತು.

ದಿನಕರ್ಮಗಳೆಲ್ಲ ಮುಗಿದು ಬಂದವರು ಹೋದ ಮೇಲೆ, ದಲಾಲಿಯವರು ಮುಂಡರಗಿಯಿಂದ ಇನ್ನೊಮ್ಮೆ ಬಂದರು. ಕುರ್ಚಿಗೆ ಎಡವಿಯೇ ಒಳಗೆ ಬಂದರು. ನಾನು ಕುರ್ಚಿಯಲ್ಲಿ ಕೂತು ಗುಂಡಿ ಒತ್ತಿದೆ. ಅವರಿಗೆ ಮನೆಯ ರೀತಿ ಗೊತ್ತು, ಮೂಲೆಗೆ ಹೋಗಿ ಮೈಕ್ ಹಿಡಿದು, "ಹಲೋ, ಹಲೋ" ಎಂದು ನೋಡಿಕೊಂಡರು.

ಆ ಹಿಡಿತವನ್ನು ನನ್ನ ಎರಡು ಕೈಯಲ್ಲೇ ಮಾಡಿ ತೋರಿಸಿ, "ಇದು ಎಷ್ಟ್ರಿ?" ಎಂದು ಕೇಳಿದೆ.

ಅವರು ನನ್ನ ಕೈ ನೋಡಿದರು. ಮೈಕನ್ನು ಬಾಯಿಗೆ ಹತ್ತಿರ ತಂದರು.

"ಇದು ದರ ಅಲ್ರಿ ವೈನಿಯಾರ," ಎಂದರು ಮೈಕಿನಲ್ಲಿ. "ವ್ಯಾಪಾರ ಎಲ್ಲಾ ಮುಗದ ಮ್ಯಾಲ, ಕೊಂಡಾಂವ ದಲಾಲಿ ಕೈ ಹಿಂಗ ಹಿಡಿತಾನ. ನಾ ಕೊಟ್ಟಿದ್ದು ಏನೂ ಅಲ್ಲ, ನನಗ ಸಿಕ್ಕಿದ್ದು ಭಾಳ ದೊಡ್ಡದು, ಮಂದಿಗೆ ಹೇಳಬ್ಯಾಡ ಅಂತ ಅದರ ಅರ್ಥ." ಆಮೇಲೆ, "ನೀವೇನು ಹಿಡದ್ರಿ?" ಎಂದರು.

ನಾನು ಕಿರುಬೆರಳು ಎತ್ತಿ ತೋರಿಸಿದೆ.

ಅವರು ವಲ್ಲಿಯಿಂದ ಮುಖ ಮುಚ್ಚಿಕೊಂಡರು. ಮೈಕಿನಲ್ಲಿ ಬಂದ ಸದ್ದು ನಗುವೋ ಅಳುವೋ, ಅಷ್ಟು ಒಳ್ಳೆಯ ಕೆಂಪು ಜಾಗದಲ್ಲಿ ಕೂತರೂ ತಿಳಿಯಲಿಲ್ಲ.

ಇಷ್ಟಕ್ಕ ಆಗಂಗಿಲ್ಲ, ಇನ್ನೂ ಕೊಡ್ರಿ. ಅದನ್ನೇ ಹೇಳಿದ್ದೆ ನಾನು. ಅವರು ನಕ್ಕದ್ದು ಅದಕ್ಕೆ. ಆ ಹೊತ್ತಿನಲ್ಲಿ ಕಿರುಬೆರಳಿನ ಅರ್ಥ ನನಗೆ ನೆನಪಿರಲಿಲ್ಲ. ನೆನಪಿದ್ದರೂ ಅದನ್ನೇ ಹಿಡಿಯುತ್ತಿದ್ದೆ.